ಮಡಚಿ ಮುಗಿದ ಮೇಲಿನ ಪಾಡು

ಕಪಾಟಿನ ಧೂಳು ಒರೆಸಬೇಕೆಂದರೆ ಮೊದಲು ಅದರ ಮೇಲಿರುವ ಪ್ರಾಣಿಗಳನ್ನೆಲ್ಲ ಇಳಿಸಬೇಕು. ಆನೆ, ಕಪ್ಪೆ, ಮೊಲ, ಡ್ರ್ಯಾಗನ್, ಮತ್ತೆ ಲೆಕ್ಕವಿಲ್ಲದಷ್ಟು ಕೊಕ್ಕರೆ. ಎಲ್ಲವೂ ಕಾಗದದ್ದು, ಎಲ್ಲವೂ ನಾನೇ ಮಡಚಿದ್ದು. ಬಟ್ಟೆ ತಾಗಿದರೆ ಕೊಕ್ಕು ಸೊಟ್ಟಗಾಗುತ್ತದೆ. ಉಫ್ ಅಂತ ಊದಿದರೆ ಅರ್ಧ ಹಿಂಡು ಮಂಚದ ಕೆಳಗೆ ಸೇರುತ್ತದೆ.

ಒರಿಗಾಮಿ, ಅಂದರೆ ಕಾಗದ ಮಡಚುವ ಕಲೆಯ ಪುಸ್ತಕಗಳಲ್ಲಿ ಚುಕ್ಕೆ ಗೆರೆ, ಬಾಣ ಎಲ್ಲ ಇರುತ್ತವೆ. ಆದರೆ ಕೊನೆಯ ಹಂತ ಮುಗಿದ ಮೇಲೆ ಇದನ್ನು ಎಲ್ಲಿಡಬೇಕು ಎಂದು ತೋರಿಸುವ ಬಾಣ ಒಂದೂ ಇಲ್ಲ. ಆ ಗೆರೆ-ಬಾಣಗಳ ಪದ್ಧತಿಯನ್ನು ರೂಪಿಸಿದವರಲ್ಲಿ ದೊಡ್ಡ ಹೆಸರು ಜಪಾನಿನ ಅಕಿರಾ ಯೋಶಿಜಾವಾ (1911–2005). ಜೀವಮಾನದಲ್ಲಿ ಸಾವಿರಾರು ಆಕೃತಿ ಮಡಚಿದ ಮನುಷ್ಯ. ಎಲ್ಲರೂ ಅವರ ಕೈಚಳಕ ಹೊಗಳುತ್ತಾರೆ, ಸರಿಯೇ. ಅವರ ಮನೆಯಲ್ಲಿ ಧೂಳು ಹೊಡೆಯುತ್ತಿದ್ದವರು ಯಾರು ಅನ್ನುವುದು ನನ್ನ ಪ್ರಶ್ನೆ.

"ಯಾರಿಗಾದರೂ ಕೊಟ್ಟುಬಿಡಿ" ಎನ್ನುವವರು ಜಾಸ್ತಿ. ಹಾಗೆ ಕೊಡುತ್ತಾ ಹೋದರೆ ಏನಾಗುತ್ತದೆ ಎಂದು ಹಿರೋಷಿಮಾವನ್ನು ಕೇಳಬೇಕು. ಬಾಂಬ್ ಬಿದ್ದಾಗ ಸಡಾಕೊ ಸಸಾಕಿ ಎರಡು ವರ್ಷದ ಮಗು. ಮುಂದೆ ರಕ್ತದ ಕ್ಯಾನ್ಸರ್ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಔಷಧಿ ಸುತ್ತಿದ್ದ ಕಾಗದದಲ್ಲೂ ಕೊಕ್ಕರೆ ಮಡಚಿದಳು. ಸಾವಿರ ಮಡಚಿದರೆ ಬೇಡಿದ್ದು ಕೈಗೂಡುತ್ತದೆ ಎಂಬ ನಂಬಿಕೆ. 1955ರಲ್ಲಿ, ಹನ್ನೆರಡನೇ ವಯಸ್ಸಿಗೇ ತೀರಿಕೊಂಡಳು. 1958ರಲ್ಲಿ ಅಲ್ಲಿ ಮಕ್ಕಳ ಸ್ಮಾರಕ ಎದ್ದಿತು. ಅವಳ ಬಗ್ಗೆ ನನ್ನದೇನೂ ತಕರಾರಿಲ್ಲ, ಯಾರದ್ದೂ ಇರಲಾರದು. ತಕರಾರು ಪಾರ್ಸೆಲ್‌ಗಳ ಬಗ್ಗೆ. ವರ್ಷಕ್ಕೆ ಸುಮಾರು ಒಂದು ಕೋಟಿ ಕೊಕ್ಕರೆಗಳು ಅಲ್ಲಿಗೆ ಬಂದು ಬೀಳುತ್ತವೆ. ತೂಕ ಹತ್ತಿರ ಹತ್ತಿರ 10 ಟನ್! ಒಂದು ಕೊಕ್ಕರೆಗೆ ಒಂದೇ ಗ್ರಾಂ ಬಂತು, ಅಲ್ವಾ? ಆ ಒಂದೊಂದೇ ಗ್ರಾಂ ಸೇರಿ ನಗರಸಭೆಯ ತಲೆನೋವಾಯಿತು. ಒಂದು ಕಾಲದಲ್ಲಿ ಸುಡುತ್ತಿದ್ದರು, ಆಮೇಲೆ ಕೂಡಿಡಲು ಹೊರಟರು. 2003ರಲ್ಲಿ ಒಬ್ಬ ವಿದ್ಯಾರ್ಥಿ ಅಲ್ಲಿದ್ದವುಗಳಿಗೆ ಬೆಂಕಿ ಹಚ್ಚಿದ, ಲಕ್ಷಕ್ಕೂ ಹೆಚ್ಚು ಉರಿದುಹೋದವು. ಸುಟ್ಟಷ್ಟನ್ನೂ ತುಂಬಿಕೊಡುತ್ತೇವೆ ಎಂದು ಜನ ಇನ್ನಷ್ಟು ಮಡಚಿ ಕಳಿಸಿದರು. ಈಗ ಅವುಗಳನ್ನು ಮರುಬಳಕೆಗೆ ಕೊಡುತ್ತಾರೆ. ಕೊಕ್ಕರೆಗಳು ತಿರುಳಾಗಿ, ಪೋಸ್ಟ್‌ಕಾರ್ಡ್, ನೋಟ್‌ಬುಕ್ ಆಗಿ ಹೊರಬರುತ್ತವೆ. ನನಗೆ ಗೊತ್ತು, ಆ ಹಾಳೆಯನ್ನೂ ಯಾರೋ ಚೌಕವಾಗಿ ಕತ್ತರಿಸುತ್ತಾರೆ.

ಭೂಕಂಪವಾದ ಊರುಗಳಿಗೂ ಹೀಗೆ ಸಾವಿರಗಟ್ಟಲೆ ಪೋಣಿಸಿ ಕಳಿಸುವವರಿದ್ದಾರೆ. ಕಂಬಳಿಗೇ ಜಾಗ ಸಾಲದ ಕಡೆ ಕೊಕ್ಕರೆ ಮಾಲೆ! ಇದು ಯಾಕಪ್ಪಾ ಎಂದು ಜಪಾನಿನವರೇ ಗೊಣಗಿದ್ದಾರೆ. ಮಡಚಿದವರಿಗೆ ಪುಣ್ಯ, ಎತ್ತಿಡುವವರಿಗೆ ಕೆಲಸ.

ಇನ್ನು ಸಲಹೆ ಕೊಡುವವರ ಇನ್ನೊಂದು ಗುಂಪು. ಫ್ರೇಮ್ ಹಾಕಿಸಿ, ದಾರ ಕಟ್ಟಿ ಕಿಟಕಿಗೆ ತೂಗುಹಾಕಿ ಎನ್ನುತ್ತಾರೆ. ಕಿಟಕಿಯ ಬಿಸಿಲಿಗೆ ಕೆಂಪು ಕಾಗದ ಎಷ್ಟು ಬೇಗ ಪೇಲವವಾಗುತ್ತದೆ ಎಂದು ನೋಡಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಬಿಚ್ಚಿಬಿಡುವುದು ಒಂದು ದಾರಿ. ಮತ್ತೆ ಚೌಕವಾದ ಹಾಳೆಯ ಮೇಲೆ ಗೆರೆಗಳ ಜಾಲ ಕಾಣುತ್ತದೆ, ಎಷ್ಟೋ ಸಲ ಹಕ್ಕಿಗಿಂತ ಅದೇ ಚೆಂದ. ಸಪಾಟಾಗಿರುವುದರಿಂದ ಫೈಲಿನಲ್ಲೂ ಕೂರುತ್ತದೆ. ಆದರೆ ಒದ್ದೆ ಮಾಡಿ ಮಡಚಿದ ಆನೆ ಒಣಗಿ ಗಟ್ಟಿಯಾಗಿರುತ್ತದೆ, ಅದನ್ನು ಬಿಚ್ಚಲು ಹೋದರೆ ಹರಿಯುತ್ತದೆ. ಸೋಸಿ ನೋಡಿ ಕಸಕ್ಕೆ ಹಾಕೋಣವೆಂದರೆ, ಕಣ್ಣಿಲ್ಲದ ಈ ಮುಖಗಳು ಅದು ಹೇಗೋ ನಮ್ಮನ್ನೇ ನೋಡುತ್ತವೆ. ಪೆಟ್ಟಿಗೆಗಳನ್ನೇ ಮಡಚುವವರು ಜಾಣರು, ಅವರದ್ದು ಪಿನ್ನು-ಗುಂಡಿ ಹಾಕಿಡಲಾದರೂ ಬರುತ್ತದೆ.

ಗಿರಾಕಿ ಇರುವುದು ಕಪ್ಪೆಗೆ ಮಾತ್ರ. ಬೆನ್ನು ಒತ್ತಿ ಬಿಟ್ಟರೆ ನೆಗೆಯುತ್ತದೆ, ಮಕ್ಕಳು ಕೇಳಿ ಒಯ್ಯುತ್ತಾರೆ. ಸಂಜೆಗಟ್ಟಲೆ ಕೂತು, ಕುತ್ತಿಗೆ ನೋಯಿಸಿಕೊಂಡು ಹುರುಪೆ ಹುರುಪೆಯಾಗಿ ಮಡಚಿದ ಡ್ರ್ಯಾಗನ್ ಯಾರಿಗೂ ಬೇಡ. ಬೇಕಾದವರಿದ್ದರೆ ಹೇಳಿ. ಡಬ್ಬ ಮಾತ್ರ ನೀವೇ ತರಬೇಕು.