ಮೂರೂವರೆ ಹಿಟ್ಟು ಕಮ್ಮಿ

ಬೇಬ್ ರೂತ್ ಬೆನ್ನಿಗೆ ನೋಲನ್ ರಯಾನ್ ಅಂಟಿಕೊಂಡಿದ್ದಾನೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಆದ ಅನಾಹುತ. ಮನೆಯಲ್ಲಿದ್ದ ದಪ್ಪ ಕಾಗದದ ಕೊನೆಯ ಹಾಳೆ ಅದು.

ಮಗನಿಗೆ ಅಂತ ಮನೆಯಲ್ಲೇ ಪ್ರಿಂಟ್ ಮಾಡುತ್ತಿರೋ ಬೇಸ್‌ಬಾಲ್ ಆಟಗಾರರ ಕಾರ್ಡುಗಳಿವು. ಒಂದು ಹಾಳೆಗೆ ಒಂಬತ್ತು ಕಾರ್ಡು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಮುಂದೆ ಫೋಟೋ, ಹಿಂದೆ ಅಂಕಿ. ಹಾಳೆ ಮಗುಚಿದರೆ ಎಡಗಡೆಯದು ಬಲಗಡೆಗೆ ಹೋಗುತ್ತದೆ ಅನ್ನೋದು ನನಗೆ ಹೊಳೆದದ್ದು ಎಲ್ಲವನ್ನೂ ಕತ್ತರಿಸಿ ಮುಗಿಸಿದ ಮೇಲೆ. ನಡುವಿನ ಮೂವರು ಬಚಾವ್. ಉಳಿದ ಆರು ಜನರ ಬೆನ್ನು ಅದಲುಬದಲು. 714 ಹೋಮ್ ರನ್ ಹೊಡೆದ ರೂತ್ ಹಿಂದೆ ಚೆಂಡೆಸೆಯುವ ರಯಾನ್‌ನ 5,714 ಸ್ಟ್ರೈಕ್‌ಔಟ್! "ಐದು ಸಾವಿರ ಜಾಸ್ತಿ ಬಿದ್ದಿದೆ" ಅಂದರು ಮಾವ.

ಶನಿವಾರ ಮಗನ ಹುಟ್ಟುಹಬ್ಬ. ಅಂಗಡಿಯ ಪ್ಯಾಕೆಟ್ಟುಗಳಲ್ಲಿ ಸಿಗೋದು ಹೆಚ್ಚಾಗಿ ಈಗಿನ ಆಟಗಾರರು. ಇವನಿಗೆ ಬೇಕಾದದ್ದು ಹಳಬರು, ಅದೂ ದಾಳ ಹಾಕಿ ಆಡೋ ಕಾರ್ಡು. ಇಂಥ ಆಟವನ್ನು ಎಪಿಬಿಎ ಅನ್ನೋ ಕಂಪನಿ 1951ರಿಂದ ಇಲ್ಲಿ ಅಮೆರಿಕದಲ್ಲಿ ಮಾರುತ್ತಿದೆ. ಸುಮ್ನೆ ಕೊಂಡುಬಿಡಬಹುದಿತ್ತು. "ಅದೇನು ಮಹಾ, ನಾನೇ ಮಾಡ್ತೀನಿ" ಅಂದೆ. ಈ ಮಾತಿನಿಂದ ನಾನು ಹಿಂದೆ ಎಷ್ಟು ಕಳೆದುಕೊಂಡಿದ್ದೇನೆ ಅನ್ನೋದು ಹೆಂಡತಿಗೆ ಗೊತ್ತು.

ಆಟ ಸುಲಭ. ಒಂದು ಕೆಂಪು ದಾಳ, ಒಂದು ಬಿಳಿ ದಾಳ. 11ರಿಂದ 66ರವರೆಗೆ ಒಟ್ಟು 36 ಫಲಿತಾಂಶ. ಪ್ರತಿಯೊಂದರ ಎದುರು ಹಿಟ್ಟೋ (ಚೆಂಡು ಹೊಡೆದು ಬೇಸ್ ಅನ್ನೋ ಠಾಣೆ ತಲುಪಿದ್ದು), ಔಟೋ ಬರೆಯಬೇಕು. ಒಟ್ಟು ಸಲಗಳಲ್ಲಿ ಹಿಟ್ಟಿನ ಪಾಲೇ ಆಟಗಾರನ ಸರಾಸರಿ. ಇಷ್ಟೇ ಆಗಿದ್ದರೆ ನಾನು ಯಾವತ್ತೋ ಮಲಗಿರುತ್ತಿದ್ದೆ. ಆದರೆ ಮಾವ ಮೈಸೂರಿಂದ ಆರು ತಿಂಗಳಿಗೆ ಬಂದಿದ್ದಾರೆ.

ಮಾವ ಬ್ಯಾಂಕಿನಲ್ಲಿದ್ದವರು. ರಿಟೈರ್ ಆಗಿದ್ದು ಅವರು ಮಾತ್ರ, ಪೆನ್ಸಿಲ್ ಇನ್ನೂ ಸರ್ವೀಸಿನಲ್ಲಿದೆ. ಹೋಟೆಲ್ ಬಿಲ್ಲಿಗೆ ಟಿಕ್ ಹಾಕದೆ ದುಡ್ಡು ಕೊಟ್ಟವರಲ್ಲ. ಮೊನ್ನೆ ಕಾರ್ಡುಗಳ ಮುಂದೆ ಕೂತರು.

"ಅಳಿಯಂದ್ರೇ, ಈ ಟೆಡ್ ವಿಲಿಯಮ್ಸ್ ಟ್ಯಾಲಿ ಆಗ್ತಿಲ್ಲ."

"ಏನಾಯ್ತು ಮಾವ?"

"1941, ಸರಾಸರಿ 0.406 ಅಂತ ಹಾಕಿದ್ದೀರಿ. 36ಕ್ಕೆ ಹದಿನಾಲ್ಕೂವರೆ ಬರ್ಬೇಕು. ನೀವು ಕೊಟ್ಟಿರೋದು 11. ಮೂರೂವರೆ ಹಿಟ್ಟು ಕಮ್ಮಿ."

ಅಡುಗೆಮನೆಯಿಂದ ದನಿ ಬಂತು. "ಯಾವ ಹಿಟ್ಟು? ರಾಗಿದಾ? ಡಬ್ಬಿ ತುಂಬಾ ಇದೆಯಲ್ಲಾ!"

ವಾಕ್ ಅಂದರೇನು ಅಂತ ವಿವರಿಸಿದೆ. ಪಿಚರ್ ನಾಲ್ಕು ಚೆಂಡು ಆಚೀಚೆ ಎಸೆದರೆ ಬ್ಯಾಟ್ಸ್‌ಮನ್ ಪುಕ್ಕಟೆ ಮೊದಲ ಬೇಸಿಗೆ ನಡೆದು ಹೋಗುತ್ತಾನೆ. ಸರಾಸರಿಯ ಲೆಕ್ಕಕ್ಕೆ ಅದು ಸೇರುವುದಿಲ್ಲ. ಆ ವರ್ಷ ವಿಲಿಯಮ್ಸ್‌ಗೆ 147 ವಾಕ್. ಹಾಗಾಗಿ 36ರಲ್ಲಿ 9 ಮನೆ ಅದಕ್ಕೇ ಹೋಯಿತು. ಉಳಿದ 27ರಲ್ಲಿ 11 ಹಿಟ್.

"ಲೆಕ್ಕಕ್ಕಿಲ್ಲ, ಆದ್ರೆ ಮನುಷ್ಯ ಬೇಸ್ ಮೇಲೆ ನಿಂತಿರ್ತಾನೆ?"

"ಹೌದು."

"ಹಾಗಂದ್ರೆ ಇದು ಎಲ್ಲಿಗೂ ಸೇರದ ದುಡ್ಡು ಹಾಕೋ ಸಸ್ಪೆನ್ಸ್ ಅಕೌಂಟು!"

ಕರೆಂಟ್ ಬಿಲ್ಲಿನ ಲಕೋಟೆ ತಿರುಗಿಸಿ ಕೈಯಲ್ಲೇ ಭಾಗಾಕಾರ ಮಾಡಿದರು. 0.407. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಒಂದು ಜಾಸ್ತಿ ಬಂತು."

"ರೌಂಡ್ ಆಫ್ ಮಾವ."

ಅನ್ನಬಾರದಿತ್ತು. ರೌಂಡ್ ಆಫ್ ಮಾಡಿ ಹಾಳಾದ ಬ್ರಾಂಚುಗಳ ಕಥೆ ಶುರುವಾಯಿತು. ಹನ್ನೊಂದು ಪೈಸೆಗಾಗಿ ರಾತ್ರಿ ಒಂಬತ್ತರವರೆಗೆ ಕೂತದ್ದು, ಆಮೇಲೆ ಅದು ಡ್ರಾಯರಿನ ಸಂದಿಯಲ್ಲಿ ಸಿಕ್ಕಿದ್ದು. ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಪೈಸೆ ಮಾತ್ರ ಒಂದೂ ಬದಲಾಗಿಲ್ಲ.

ಬಾಯಿ ಮುಚ್ಚಿಸೋಕೆ ಅಂತಲೇ ವಿಲಿಯಮ್ಸ್ ಕಥೆ ತೆಗೆದೆ. 1941ರ ಸೆಪ್ಟೆಂಬರ್ 28, ಫಿಲಡೆಲ್ಫಿಯಾ. ಸೀಸನ್ನಿನ ಕೊನೆಯ ದಿನ, ಒಂದೇ ದಿನ ಎರಡು ಮ್ಯಾಚು. ಬೆಳಗ್ಗೆ ಅವನ ಸರಾಸರಿ 0.39955. ರೌಂಡ್ ಆಫ್ ಮಾಡಿದರೆ ಸರಿಯಾಗಿ 0.400, ಬ್ಯಾಟ್ ಹಿಡಿದವರೆಲ್ಲ ಆಸೆಪಡೋ ಅಂಕಿ. ಬೆಂಚಿನ ಮೇಲೆ ಕೂತಿದ್ದರೆ ಸಾಕಿತ್ತು. ಅವನು ಕೂರಲಿಲ್ಲ. ಎರಡೂ ಮ್ಯಾಚು ಆಡಿ ಎಂಟಕ್ಕೆ ಆರು ಹಿಟ್ ಹೊಡೆದ.

ಮಾವ ಪೆನ್ಸಿಲ್ ಕೆಳಗಿಟ್ಟರು. ಸ್ವಲ್ಪ ಹೊತ್ತು ಮಾತಿಲ್ಲ.

"ನಮ್ ವಿಶ್ವನಾಥ್ ಮದ್ರಾಸಲ್ಲಿ 97 ನಾಟೌಟ್ ಆಗಿ ಉಳಿದನಲ್ಲ, 1975ರಲ್ಲಿ. ವೆಸ್ಟ್ ಇಂಡೀಸ್ ಮೇಲೆ. ಟೀಮು ಪೂರ್ತಿ ಸೇರಿ 190. ಇನ್ನೊಂದು ಕಡೆ ನಿಲ್ಲೋಕೆ ಜನ ಇರ್ಲಿಲ್ಲ. ನಾನು ಆಗಿನ್ನೂ ಹೊಸ ಗುಮಾಸ್ತ, ಕ್ಯಾಶ್ ಕೌಂಟರ್ ಹಿಂದೆ ಟ್ರಾನ್ಸಿಸ್ಟರ್ ಇಟ್ಕೊಂಡು ಕೇಳ್ತಿದ್ದೆ." ಲಕೋಟೆಯ ಮೇಲೆ ಕೈಯಾಡಿಸಿದರು. "ಅದನ್ನ ಯಾರೂ ನೂರು ಅಂತ ಬರ್ಕೊಳ್ಳಲಿಲ್ಲ ನೋಡಿ."

ಇವತ್ತು ಬೆಳಗ್ಗೆ ನೋಡಿದರೆ, ನಿನ್ನೆ ಬಚಾವಾದ ಮೂವರಲ್ಲಿ ಒಬ್ಬನಾದ ವಿಲಿಯಮ್ಸ್ ಕಾರ್ಡಿನ ಹಿಂದೆ ಪೆನ್ಸಿಲ್ ಬರಹ. 456ಕ್ಕೆ 185, 0.4057. ಕೆಳಗೆ ಮಾವನ ಸಹಿ, ತಾರೀಕು. ಗುಟ್ಟಾಗಿ ಇಟ್ಟಿದ್ದ ಕಾರ್ಡು ಮಗನ ಕೈಗೆ ಸಿಕ್ಕಿತು. ಅಳುತ್ತಾನೇನೋ ಅಂದುಕೊಂಡೆ. "ಆಟೋಗ್ರಾಫ್ ಇರೋ ಕಾರ್ಡು!" ಅಂತ ಕುಣಿದ. ಈಗ ಒಂಬತ್ತಕ್ಕೂ ಸಹಿ ಬೇಕಂತೆ. ಟ್ಯಾಲಿ ಆಗದ್ದಕ್ಕೆ ಸಹಿ ಹಾಕಲ್ಲ ಅಂತ ತಾತ.

ಕಾಗದ ತಂದು ಮತ್ತೆ ಪ್ರಿಂಟರ್ ಮುಂದೆ ಕೂತಿದ್ದೇನೆ. ಪಕ್ಕದಲ್ಲಿ ಮಾವ ರಿಕಿ ಹೆಂಡರ್ಸನ್‌ನ 1982ರ ಲೆಕ್ಕಕ್ಕೆ ಬಂದಿದ್ದಾರೆ.

"ಅಳಿಯಂದ್ರೇ, ಇವನ್ಯಾರೋ ಒಂದೇ ವರ್ಷ 130 ಬೇಸ್ ಕದ್ದಿದ್ದಾನೆ. ರಿಕವರಿ ಎಷ್ಟಾಯ್ತು?"