ಸಾಸಿವೆ ಡಬ್ಬಿ ಇರೋ ಎತ್ತರ

ಜಿಮ್ಮಿಗೆ ಹೋಗೋರಿಗೆ ಭುಜ ನೋವು ಬಂದ್ರೆ ಅದು ಜಿಮ್ಮಿಂದಾನೇ ಬಂದಿರೋದು ಅಂತ ನಮ್ಮ ಸಮಾಜ ಯಾವತ್ತೋ ಸರ್ವಾನುಮತದಿಂದ ಪಾಸ್ ಮಾಡ್ಬಿಟ್ಟಿದೆ. ನನ್ನ ಬಲಭುಜ ಹೋಗಿದ್ದು ಕಾರಲ್ಲಿ. ಮುಂದಿನ ಸೀಟಲ್ಲಿ ಕೂತು, ಬೆಲ್ಟೂ ಬಿಚ್ಚದೆ, ಹಿಂದಿನ ಸೀಟಲ್ಲಿದ್ದ ವ್ಯಾನಿಟಿ ಬ್ಯಾಗನ್ನ ಕೈ ಹಿಂದಕ್ಕೆ ಚಾಚಿ ಎಳ್ಕೊಳ್ಳೋಕೆ ಹೋದೆ ನೋಡಿ, ಒಳಗೆಲ್ಲೋ ಚಳಕ್ ಅಂತು. ಬ್ಯಾಗಲ್ಲಿ ಇದ್ದಿದ್ದೇನು, ಸ್ಟೀಲ್ ನೀರಿನ ಬಾಟ್ಲು, ಟಿಫನ್ ಬಾಕ್ಸು, ಒಂದು ಛತ್ರಿ. 90 ಕೇಜಿ ಡೆಡ್‌ಲಿಫ್ಟ್ ಎತ್ತೋವಾಗ ಏನೂ ಆಗದ ಭುಜ ಛತ್ರಿಗೆ ಸೋತ್ಹೋಯ್ತು.

ಇದನ್ನ ಅತ್ತೆಗೆ ಹೇಳಿದ್ರೆ, "ನಾನ್ ಹೇಳ್ಲಿಲ್ವಾ, ಹೆಂಗಸರಿಗ್ಯಾಕೆ ಆ ಕಬ್ಣ ಎತ್ತೋ ಕೆಲಸ" ಅಂದ್ರು. ಅತ್ತೆ, ಜಿಮ್ಮಲ್ಲಲ್ಲ, ಕಾರಲ್ಲಿ, ಬ್ಯಾಗಿಂದ ಆಗಿದ್ದು ಅಂದೆ. "ಹೂಂ, ಜಿಮ್ಮಲ್ಲಿ ಒಳಗೊಳಗೇ ಸವೆದಿತ್ತು, ಬ್ಯಾಗಲ್ಲಿ ತೋರಿಸ್ಕೊಳ್ತು." ಈ ವಾದಕ್ಕೆ ಸುಪ್ರೀಂ ಕೋರ್ಟಲ್ಲೂ ಉತ್ತರ ಸಿಗಲ್ಲ. ಅಂದ ಹಾಗೆ ಇದೇ ಅತ್ತೆ, ಗ್ಯಾಸ್ ಸಿಲಿಂಡರ್ ಬಂದಾಗ, ಅದರೊಳಗಿನ ಗ್ಯಾಸೇ 14.2 ಕೇಜಿ, ಟ್ಯಾಂಕಿನ ತೂಕ ಸೇರಿದ್ರೆ ಹತ್ತತ್ರ 30, ಅದನ್ನ ನೋಡಿ "ನೀನೇ ಒಳಗಿಟ್ಬಿಡು ಕಣಮ್ಮ, ಪಾಪ ನನ್ ಮಗನಿಗೆ ಸೊಂಟ ನೋವು" ಅಂತಾರೆ. ಸಿಲಿಂಡರ್ ಕಬ್ಣ ಅಲ್ಲ ಅಂತ ಕಾಣತ್ತೆ.

ಮೂಳೆ ಡಾಕ್ಟ್ರ ಹತ್ರ ಹೋದ್ವಿ. ಎಂಆರ್‌ಐ ಮಾಡಿಸಿ ಅಂದ್ರು, ಮಾಡಿಸಿದ್ವಿ, ರಿಪೋರ್ಟ್ ಓದಿದ ನಮ್ಮನೆಯವರು ಆಸ್ಪತ್ರೆ ಕಾರಿಡಾರಲ್ಲೇ ಬೆಂಚ್ ಹುಡುಕಿ ಕೂತ್ಕೊಂಡ್ಬಿಟ್ರು. ಪಾರ್ಷಿಯಲ್ ಟೇರ್ ಅಂತೆ (ಒಳಗೆ ಅರ್ಧಂಬರ್ಧ ಹರಿದಿರೋದು), ಬರ್ಸೈಟಿಸ್ ಅಂತೆ (ಕೀಲಿನ ಹತ್ರದ ಸಣ್ಣ ಚೀಲ ಊದಿರೋದು), ಡಿಜೆನರೇಟಿವ್ ಚೇಂಜಸ್ ಅಂತೆ (ಸವೆತ). ಡಾಕ್ಟ್ರು ಪರದೆಯಿಂದ ಕಣ್ಣು ತೆಗೀದೆ "ಇನ್ಮೇಲೆ ಭಾರ ಎತ್ತಬೇಡಿ" ಅಂದ್ರು. ಎಷ್ಟು ಕೇಜಿ ತನಕ ಎತ್ತಬಹುದು ಡಾಕ್ಟ್ರೇ ಅಂದೆ. ಏನೂ ಎತ್ತಬೇಡಿ ಅಂದ್ರು. ಕುಕ್ಕರ್? "ಮನೆಕೆಲಸ ಪರವಾಗಿಲ್ಲ." ನಮ್ಮನೆ ಐದು ಲೀಟರ್ ಕುಕ್ಕರಿಗೆ ಬೇಳೆ, ತರಕಾರಿ, ನೀರು ತುಂಬಿ ಒಲೆಯಿಂದ ಇಳಿಸಿದ್ರೆ ನಾಲ್ಕೈದು ಕೇಜಿಗೆ ಮೋಸ ಇಲ್ಲ, ಅದೂ ಬಿಸಿ ಬಿಸಿ, ಕೈ ಮುಂದಕ್ಕೆ ಚಾಚಿ. ಅಷ್ಟೇ ತೂಕದ ಡಂಬೆಲ್ ಮಾತ್ರ ಅಪಾಯ.

ಬದುಕಿಸಿದ್ದು ಫಿಸಿಯೋ ಹುಡುಗಿ. ನನಗಿಂತ ಹದಿನೈದು ವರ್ಷ ಚಿಕ್ಕೋಳು, ಮಾತು ಮಾತ್ರ ಹೆಡ್‌ಮಿಸ್ಟ್ರೆಸ್ದು. ಸ್ಕೂಲ್ ಸ್ಪೋರ್ಟ್ಸ್ ಡೇಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಕೊಂಡು ಓಡ್ತಿದ್ರಲ್ಲ, ಭುಜದ ಕೀಲು ಅದೇ ಮೇಡಂ ಅಂದ್ಲು. ಸೊಂಟದ ಕೀಲಿಗೆ ಆಳವಾದ ಗುಂಡಿ ಇದೆ, ಭುಜಕ್ಕೆ ಬರೀ ಚಮಚ, ಅದಕ್ಕೇ ಕೈ ಎಲ್ಲಾ ಕಡೆ ತಿರುಗತ್ತೆ, ಅದಕ್ಕೇ ಬೇಗ ಕೈ ಕೊಡತ್ತೆ. ನಿಂಬೆಹಣ್ಣು ಉರುಳದೆ ಇರೋ ಹಂಗೆ ಹಿಡ್ಕೊಂಡಿರೋದು ನಾಲ್ಕು ಸಣ್ಣ ಸ್ನಾಯುಗಳು: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರಿಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್. ಒಟ್ಟಿಗೆ ರೊಟೇಟರ್ ಕಫ್. ವರ್ಷಗಟ್ಟಲೆ ಜಿಮ್ ಕನ್ನಡಿ ಮುಂದೆ ನಿಂತಿದೀನಿ, ಈ ನಾಲ್ಕರಲ್ಲಿ ಒಂದೂ ಕಣ್ಣಿಗೆ ಬಿದ್ದಿಲ್ಲ.

ರಿಪೋರ್ಟ್ ತೋರಿಸಿದ್ರೆ ಅವಳು ಬೆಚ್ಚಿಬೀಳ್ಲೇ ಇಲ್ಲ. ಒಂಚೂರೂ ನೋವಿಲ್ಲದ ಜನರನ್ನ ಮಷೀನಲ್ಲಿ ಮಲಗಿಸಿದ್ರೂ, ವಯಸ್ಸಾಗ್ತಾ ಆಗ್ತಾ ಎಷ್ಟೋ ಜನರ ಭುಜದಲ್ಲಿ ಇಂಥ ಹರಕು ಕಾಣಿಸತ್ತಂತೆ. ಪೂರ್ತಿ ಹರಿದು ಕೈ ಎತ್ತೋಕೇ ಆಗದಿದ್ರೆ ಅದು ಬೇರೆ ಕಥೆ, ನಿಮ್ದು ಹಂಗಲ್ಲ, ಟೆಂಡನ್, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟಿರೋ ಹುರಿ, ಅದಕ್ಕೆ ಪೂರ್ತಿ ರೆಸ್ಟ್ ಕೊಟ್ರೆ ಅದು ಇನ್ನೂ ಸೋಮಾರಿ ಆಗತ್ತೆ, ಅದಕ್ಕೆ ಕೆಲಸ ಬೇಕು, ಹದವಾಗಿ, ಮೂರು ತಿಂಗಳಾದ್ರೂ ಅಂದ್ಲು. ಹದ ಅಂದ್ರೆ ಏನು ಅಂತ ಲೆಕ್ಕಾನೂ ಕೊಟ್ಲು. ಹತ್ತರಲ್ಲಿ ಮೂರೋ ನಾಲ್ಕೋ ಮಾರ್ಕ್ಸ್ ನೋವಿದ್ರೆ ಮುಂದುವರಿಸಿ, ಮಾರನೇ ದಿನ ಬೆಳಿಗ್ಗೆ ಜಾಸ್ತಿ ಆಗಿದ್ರೆ ತೂಕ ಇಳಿಸಿ. ಜಿಮ್ ಬಿಡಬೇಕಾ ಅಂತ ಉಸಿರು ಹಿಡ್ಕೊಂಡು ಕೇಳಿದೆ. ಯಾಕ್ ಬಿಡ್ತೀರಿ, ಜಿಮ್ಮಲ್ಲಿ ಎಷ್ಟು ತೂಕ, ಯಾವ ಆ್ಯಂಗಲ್ ಎಲ್ಲಾ ನಿಮ್ಮ ಕೈಲಿರತ್ತೆ, ಮನೇಲಿರತ್ತಾ ಅಂದ್ಲು.

ಆ ಮಾತು ಎಷ್ಟು ನಿಜ ಅಂತ ಸಂಜೆ ಅಡುಗೆಮನೇಲೇ ಗೊತ್ತಾಯ್ತು. ಈ ಥರ ಭುಜಕ್ಕೆ ಕೈ ಪಕ್ಕಕ್ಕೆತ್ತಿದಾಗ ಸುಮಾರು 60 ಡಿಗ್ರಿಯಿಂದ 120 ಡಿಗ್ರಿ ಮಧ್ಯೆ ಮಾತ್ರ ನೋವು, ಅದಕ್ಕಿಂತ ಕೆಳಗೆ ಇಲ್ಲ, ಅದನ್ನ ದಾಟಿ ಮೇಲೆ ಹೋದ್ರೆ ಮತ್ತೆ ಆರಾಮ. ನಮ್ಮನೇಲಿ ಅಕ್ಕಿ ಡ್ರಮ್ ಕೆಳಗಿದೆ, ನೋವಿಲ್ಲ. ವರ್ಷಕ್ಕೊಂದ್ಸಲ ಇಳಿಸೋ ಗೊಂಬೆ ಪೆಟ್ಟಿಗೆ ಅಟ್ಟದ ಮೇಲಿದೆ, ಅದರ ಕಡೆ ಕೈ ತೋರಿಸಿದ್ರೆ ನೋವಿಲ್ಲ. ಸಾಸಿವೆ, ಜೀರಿಗೆ, ಇಂಗು, ಉಪ್ಪು, ದಿನಕ್ಕೆ ನಲವತ್ತು ಸಲ ಬೇಕಾಗೋದೆಲ್ಲಾ ಕರೆಕ್ಟಾಗಿ 60ಕ್ಕೂ 120ಕ್ಕೂ ಮಧ್ಯೆ. ಬಾಣಲೇಲಿ ಎಣ್ಣೆ ಕಾದು ಹೊಗೆ ಏಳ್ತಾ ಇರೋವಾಗ ನಾನು ಎಡಗೈಲಿ ಬಲ ಮೊಣಕೈ ಹಿಡ್ಕೊಂಡು, ಮೇಲೆತ್ತಿ, ಶೆಲ್ಫಿನ ಮೇಲಿಟ್ಟು, ಆಮೇಲೆ ಬೆರಳಲ್ಲಿ ಸಾಸಿವೆ ಡಬ್ಬಿ ಹುಡುಕೋದು. ಎಡಗೈಲಿ ತಗೊಳ್ಳಬಹುದಲ್ಲ ಅಂತ ನೀವು ಕೇಳ್ತೀರ, ಅಲ್ಲಿ ಎಡಗಡೆಗೆ ಫ್ರಿಜ್ ಇದೆ. ಡಬ್ಬಿಗಳನ್ನ ಕೆಳಗಿಳಿಸೋಣ ಅಂದ್ರೆ ಅತ್ತೆ ಒಪ್ಪಲ್ಲ, ಮನೆ ಕಟ್ಟಿದಾಗಿಂದ ಅವು ಅಲ್ಲೇ ಇವೆ.

ಮನೇಲಿ ಮಾಡೋ ಎಕ್ಸರ್‌ಸೈಜ್‌ಗಳದ್ದು ಇನ್ನೊಂದು ಕಥೆ. ಮೊದಲನೇದು ಪೆಂಡುಲಮ್, ಟೇಬಲ್ ಮೇಲೆ ಒಂದು ಕೈ ಊರಿ ಬಗ್ಗಿ ನೋವಿರೋ ಕೈ ಜೋತುಬಿಟ್ಟು ಸುಮ್ನೆ ತೂಗಾಡಿಸೋದು. ಮಾಡ್ತಾ ಇದ್ದೆ, ಕೆಲಸಕ್ಕೆ ಬರೋ ಲಕ್ಷ್ಮಕ್ಕ ಬಂದು ನೋಡಿ, "ಅಕ್ಕಾ, ಓಲೆ ಬಿತ್ತಾ?" ಅಂತ ಕೇಳಿ ನನ್ನ ಉತ್ತರಕ್ಕೂ ಕಾಯದೆ ಟೇಬಲ್ ಕೆಳಗೆ ನುಗ್ಗಿ ಪೊರಕೆ ಆಡಿಸಿದ್ರು. ಒಂದು ಐದ್ರುಪಾಯಿ ಕಾಯಿನ್ನು, ಪೆನ್ನಿನ ಕ್ಯಾಪು, ಹುಣಸೆ ಬೀಜ ಸಿಕ್ತು. ಓಲೆ ನನ್ನ ಕಿವೀಲೇ ಇತ್ತು, ಆದ್ರೂ ಅಷ್ಟು ಶ್ರಮ ಪಟ್ಟಿದಾರಲ್ಲ ಅಂತ ಕಾಯಿನ್ ಅವರಿಗೇ ಕೊಟ್ಟೆ.

ಎರಡನೇದು ಥೆರಾಬ್ಯಾಂಡ್. ಕಿಟಕಿ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಕಂಕುಳಲ್ಲಿ ಸುತ್ತಿದ ಟವೆಲ್ ಸಿಕ್ಕಿಸ್ಕೊಂಡು, ಟವೆಲ್ ಬೀಳದ ಹಾಗೆ ಮುಂಗೈಯನ್ನ ಹೊರಗಡೆ ತಿರುಗಿಸಬೇಕು. ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು ಅಂತ ಬಣ್ಣ ಬದಲಾದ ಹಾಗೆ ಬಿಗಿ ಜಾಸ್ತಿ. ನಾನು ದೊಡ್ಡ ಲಿಫ್ಟರ್ ಅನ್ನೋ ಜಂಬದಲ್ಲಿ ನೀಲಿ ಕೊಡ್ತಾಳೇನೋ ಅಂದ್ಕೊಂಡಿದ್ದೆ, ಅವಳು ಹಳದಿ ಕೊಟ್ಲು, ಹಳದೀಲೇ ಹತ್ತನೇ ಸಲಕ್ಕೆ ಕೈ ನಡುಗಿ ಟವೆಲ್ ಬಿತ್ತು. ಆ ಹಳದಿ ಬ್ಯಾಂಡಾದ್ರೂ ಉಳೀತಾ? ಒಂದಿನ ಕಿಟಕೀಲಿ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಅತ್ತೇನ ಕೇಳಿದ್ರೆ, ಓ ಅದಾ, ಹಳೇ ಪೇಪರ್ ಕಟ್ಟೋಕೆ ದಾರ ಸಿಗಲಿಲ್ಲ, ಚೆನ್ನಾಗಿ ಬಿಗಿ ಬಂತು ಕಣೇ ಅಂದ್ರು. ಮೂವತ್ತೈದು ರುಪಾಯಿ ರದ್ದಿ ಜೊತೆ ಮುನ್ನೂರು ರುಪಾಯಿ ಬ್ಯಾಂಡು ಹೋಗಿತ್ತು.

ಜಿಮ್ಮಲ್ಲಿ ಎಲ್ಲಾ ಬದಲಾಯ್ತು. ಬೆಂಚ್ ಪ್ರೆಸ್ ಹೋಗಿ ಫ್ಲೋರ್ ಪ್ರೆಸ್ ಬಂತು, ನೆಲದ ಮೇಲೆ ಅಂಗಾತ ಮಲಗಿ ಅಂಗೈ ಎದುರುಬದುರು ಇಟ್ಕೊಂಡು ಡಂಬೆಲ್ ತಳ್ಳೋದು, ಮೊಣಕೈ ನೆಲಕ್ಕೆ ತಾಗಿ ಅಲ್ಲೇ ನಿಲ್ಲೋದ್ರಿಂದ ಭುಜ ಜಾಸ್ತಿ ಹಿಂದಕ್ಕೆ ಹೋಗಲ್ಲ, ಒಳ್ಳೇ ಉಪಾಯ. ಒಂದೇ ತೊಂದರೆ, ಎರಡು ಸೆಟ್ ಮಧ್ಯೆ ಕಣ್ಮುಚ್ಚಿ ಮಲಗಿದ್ದಾಗ ಹೊಸದಾಗಿ ಸೇರಿದ್ದ ಕಾಲೇಜ್ ಹುಡುಗ ಆಂಟಿ ತಲೆ ಸುತ್ತಿ ಬಿದ್ದಿದಾರೆ ಅಂತ ಕೂಗ್ಕೊಂಡು ಓಡಿ ಬಂದು ಮುಖಕ್ಕೆ ನೀರು ಚಿಮುಕಿಸ್ದ. ನೀರಲ್ಲ ಅದು, ಪ್ರೀವರ್ಕೌಟು, ವ್ಯಾಯಾಮಕ್ಕೆ ಮುಂಚೆ ಕುಡಿಯೋದು, ನೀಲಿ ಬಣ್ಣದ್ದು. ತಲೆ ಮೇಲೆ ನೇರ ತಳ್ಳೋ ಬದಲು ಲ್ಯಾಂಡ್‌ಮೈನ್ ಪ್ರೆಸ್, ರಾಡಿನ ಒಂದು ತುದಿ ಮೂಲೇಲಿಟ್ಟು ಇನ್ನೊಂದು ತುದೀನ ಓರೆಯಾಗಿ ತಳ್ಳೋದು. ಸ್ಕ್ವಾಟಿಗೆ, ಅಂದ್ರೆ ಬಸ್ಕಿಗೆ, ರಾಡ್ ಬೆನ್ನ ಮೇಲಿಟ್ಟು ಹಿಡಿಯೋಕೆ ಕೈ ಹಿಂದಕ್ಕೆ ತಿರುಗ್ತಿರಲಿಲ್ಲ, ಮುಂದೆ ಹಿಡಿಕೆ ಇರೋ ಸೇಫ್ಟಿ ಬಾರ್ ಇದ್ಯಾ ಅಂತ ಓನರನ್ನ ಕೇಳಿದ್ರೆ ಆ ಮನುಷ್ಯ ಫೈರ್ ಎಕ್ಸ್‌ಟಿಂಗ್ವಿಷರ್ ಹತ್ರ ಕರ್ಕೊಂಡ್ಹೋಗಿ ಸೇಫ್ಟಿ ಎಲ್ಲಾ ಪಕ್ಕಾ ಇದೆ ಮೇಡಂ ಅಂತ ತೋರಿಸಿದ್ರು. ಸರಿ ಅಂತ ಡಂಬೆಲ್ ಎದೆಗೆ ಅವುಚಿಕೊಂಡು ಗಾಬ್ಲೆಟ್ ಸ್ಕ್ವಾಟ್ ಮಾಡಿದೆ.

ಎಡಗೈಗೆ ಮಾತ್ರ ರಜೆ ಇಲ್ಲ. ಒಂದು ಕೈಗೆ ವ್ಯಾಯಾಮ ಕೊಟ್ರೆ ಏನೂ ಮಾಡದ ಇನ್ನೊಂದು ಕೈಗೂ ಸ್ವಲ್ಪ ಬಲ ಹೋಗತ್ತೆ, 1894ರಲ್ಲೇ ಅಮೆರಿಕದ ಯೇಲ್ ಯೂನಿವರ್ಸಿಟಿಯವರು ಇದನ್ನ ಪರೀಕ್ಷೆ ಮಾಡಿ ಬರೆದಿದಾರೆ, ಸ್ನಾಯುಗಿಂತ ಹೆಚ್ಚಾಗಿ ಮೆದುಳು ಮತ್ತೆ ನರಗಳು ಕಲಿಯೋದ್ರಿಂದ ಹಿಂಗಾಗತ್ತೆ. ನಮ್ಮನೆಯವರಿಗೆ ಉತ್ಸಾಹದಿಂದ ಇದನ್ನ ವಿವರಿಸಿದೆ. ಪೇಪರಿಂದ ತಲೆ ಎತ್ತದೆ, "ಹಂಗಾದ್ರೆ ಮನೇಲಿ ಒಬ್ಬರು ಹೋದ್ರೆ ಸಾಕು, ನೀನ್ ಮಾಡು, ನಂಗೂ ಬರತ್ತೆ" ಅಂದ್ರು.

ರಾತ್ರಿ ಬಗ್ಗೆ ಏನ್ ಹೇಳ್ಲಿ. ಬಲಕ್ಕೆ ಮಲಗಿದ್ರೆ ನೋವು, ಎಡಕ್ಕೆ ಮಲಗಿದ್ರೆ ಬಲಗೈ ಮುಂದಕ್ಕೆ ಜೋತು ನೋವು, ಅದಕ್ಕೊಂದು ದಿಂಬು, ಬೆನ್ನಿಗೊಂದು ದಿಂಬು, ಮಂಚದಲ್ಲಿ ನಮ್ಮನೆಯವರಿಗೆ ಉಳಿದಿದ್ದು ಒಂದಡಿ ಜಾಗ. ನಿದ್ದೆ ಬರದೆ ಮೊಬೈಲಲ್ಲಿ ವೇಟ್‌ಲಿಫ್ಟಿಂಗ್ ನೋಡ್ತಿದ್ದೆ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ, 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸಲ್ಲಿ 56 ಕೇಜಿ ವಿಭಾಗದಲ್ಲಿ ಸ್ನ್ಯಾಚಲ್ಲಿ (ಒಂದೇ ಎಳೆತಕ್ಕೆ ತಲೆ ಮೇಲೆ) 111, ಕ್ಲೀನ್ ಆ್ಯಂಡ್ ಜರ್ಕಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲೆ) 138, ಒಟ್ಟು 249 ಕೇಜಿ ಎತ್ತಿ ಬೆಳ್ಳಿ ತಂದ್ರಲ್ಲ, ಆ ಗೇಮ್ಸಲ್ಲಿ ಭಾರತದ ಮೊದಲನೇ ಪದಕ ಅದು. ಆ ಪುಟ್ಟ ದೇಹದ ಮನುಷ್ಯ ತನ್ನ ತೂಕದ ಎರಡೂವರೆ ಪಟ್ಟು ಹತ್ತಿರ ತಲೆ ಮೇಲೆ ಹಿಡ್ಕೊಂಡು ನಿಂತಿದಾರೆ, ಇಲ್ಲಿ ನಾನು ಹೊದಿಕೆ ಎಳ್ಕೊಳ್ಳೋಕೆ ಗಂಡನ್ನ ಎಬ್ಬಿಸ್ತಿದೀನಿ.

ಇಷ್ಟರ ಮಧ್ಯೆ ಚಿಕ್ಕಪ್ಪನ ಮಗಳ ಮದುವೆ. ಕೈ ಬೆನ್ನ ಹಿಂದಕ್ಕೆ ತಗೊಂಡ್ಹೋಗೋದು ಕೊನೇಗೆ ವಾಪಸ್ ಬರೋ ಚಲನೆ ಅಂತ ಫಿಸಿಯೋ ಮೊದಲೇ ಹೇಳಿದ್ಲು, ಟೈಲರಿಗೆ ಹೇಳೋರು ಯಾರು, ಬ್ಲೌಸಿಗೆ ಹುಕ್ಕೆಲ್ಲಾ ಹಿಂದೆ ಇಟ್ಟಿದ್ರು. ನಮ್ಮನೆಯವರು ಕನ್ನಡಕ ಹಾಕ್ಕೊಂಡು, ಮೊಬೈಲ್ ಟಾರ್ಚ್ ಹಿಡ್ಕೊಂಡು, ಬೆಳಗಿನ ಜಾವದಲ್ಲಿ ಕೂತು ಹಾಕಿದ್ರು. ಎಲ್ಲಾ ಮುಗಿದ ಮೇಲೆ ನೋಡಿದ್ರೆ ಮೇಲೊಂದು ಹುಕ್ ಉಳಿದಿದೆ, ಕೆಳಗೊಂದು ಕಾಜ ಉಳಿದಿದೆ. ಸೆರಗು ಹೊದ್ಕೋ, ಯಾರಿಗೂ ಕಾಣಲ್ಲ, ಮುಹೂರ್ತ ಮೀರತ್ತೆ ಅಂದ್ರು.

ಛತ್ರದಲ್ಲಿ ಎಲ್ಲರ ಹತ್ರಾನೂ ಒಂದೊಂದು ಔಷಧಿ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟು ಅಂದ್ರು ದೊಡ್ಡಮ್ಮ. ಪುತ್ತೂರು ಕಟ್ಟು ಹಾಕಿಸು ಅಂದ್ರು ಇನ್ಯಾರೋ, ಮೂಳೆ ಮುರಿದಿಲ್ಲ ಅಂದ್ರೂ ಕೇಳ್ಲಿಲ್ಲ. ಅಷ್ಟೊತ್ತಿಗೆ ಯಾರಿಗೋ ಜ್ಞಾಪಕ ಬಂತು, ನಮ್ಮ ತಾತನ ತಮ್ಮ ಕಾಲು ಮುಂದಾಗಿ ಹುಟ್ಟಿದವರು, ಅಂಥೋರು ಕಾಲಲ್ಲಿ ಒದ್ರೆ ಉಳುಕು ಬಿಡತ್ತೆ. ಉಳುಕಲ್ಲ ಇದು ಅಂತ ನಾನು ಅಂತಿರೋವಾಗ್ಲೇ ಚಿಕ್ಕ ತಾತ ಉಮೇದಿಂದ ಎದ್ದು ಪಂಚೆ ಎತ್ತಿ ಕಟ್ಟಿದ್ರು. ಎಂಬತ್ತರ ಹತ್ತಿರದ ವಯಸ್ಸು, ಕಾಲು ನನ್ನ ಭುಜದ ತನಕ ಎಲ್ಲಿ ಬರಬೇಕು, ನನ್ನನ್ನೇ ಕೆಳಗೆ ಚಾಪೆ ಮೇಲೆ ಕೂರಿಸಿದ್ರು, ಎರಡನೇ ಪಂಕ್ತಿಗೆ ಕಾಯ್ತಿದ್ದ ಅಷ್ಟೂ ಜನ ಸುತ್ತ ನಿಂತ್ರು. ತಾತ ಒಂದು ಕಾಲೆತ್ತಿದ್ರು, ಆಯ ತಪ್ಪಿದ್ರು, ಬೀಳದ ಹಾಗೆ ಗಟ್ಟಿಯಾಗಿ ಹಿಡ್ಕೊಂಡ್ರು. ಏನನ್ನ ಹಿಡ್ಕೊಂಡ್ರು ಅಂತ ಬೇರೆ ಹೇಳಬೇಕಾ.

ನಾನು ಕೂಗಿದ ಕೂಗಿಗೆ ನಾದಸ್ವರದವರು ಒಂದು ಕ್ಷಣ ನಿಲ್ಲಿಸಿದ್ರು. "ನೋಡಿದ್ಯಾ, ಬಿಡ್ತು" ಅಂದ್ರು ತಾತ.

ಈಗ ಪರವಾಗಿಲ್ಲ. ತಲೆ ಮೇಲಕ್ಕೆ ಸಣ್ಣ ಡಂಬೆಲ್ ಹೋಗತ್ತೆ, ಬ್ಯಾಂಡ್ ಹಸಿರಿಗೆ ಬಂದಿದೆ, ಎಣ್ಣೆ ಸೀದುಹೋಗೋಕೆ ಮುಂಚೆ ಸಾಸಿವೆ ಸಿಗತ್ತೆ. ನನ್ನ ಅವಸ್ಥೆಯೆಲ್ಲಾ ಸೋಫಾ ಮೇಲೆ ಕೂತು ನೋಡ್ತಿದ್ದ ಅತ್ತೆ ಒಂದಿನ ಮೆಲ್ಲಗೆ, ನಮ್ಮನೆಯವರು ಆಫೀಸಿಗೆ ಹೋದ್ಮೇಲೆ, "ಮಂಡಿ ನೋವಿಗೂ ಇಂಥದ್ದೇನಾದ್ರೂ ಇರತ್ತೇನೇ? ಜಿಮ್ಮು ಗಿಮ್ಮು ಬೇಡಪ್ಪ" ಅಂದ್ರು. ಫಿಸಿಯೋನ ಕೇಳಿ, ಒಂದು ಕೇಜಿ ತೊಗರಿಬೇಳೆ ಪ್ಯಾಕೆಟ್ಟನ್ನ ಎದೆಗೆ ಅವುಚಿಕೊಂಡು ದಿವಾನದಿಂದ ಎದ್ದು ಕೂರೋದು ಹೇಳ್ಕೊಟ್ಟೆ. ಧಾರಾವಾಹಿ ಮಧ್ಯೆ ಅಡ್ವರ್ಟೈಸ್‌ಮೆಂಟ್ ಬಂದಾಗೆಲ್ಲಾ ಎದ್ದು ಕೂತು ಮಾಡ್ತಾರೆ, ಯಾರಾದ್ರೂ ಬಂದ್ರೆ ಬೇಳೆ ಆರಿಸ್ತಿದೀನಿ ಅಂತಾರೆ. ನಿನ್ನೆ ದಿನಸಿ ಚೀಟಿ ಬರೀತಿದ್ದೆ, ಪಕ್ಕಕ್ಕೆ ಬಂದು ನಿಂತು, "ಈ ಬೇಳೆ ಸಾಲ್ತಿಲ್ಲ ಕಣೇ, ಐದು ಕೇಜಿ ಅಕ್ಕಿ ಚೀಲ ಸಿಕ್ಕತ್ತಾ ನೋಡು, ಹಿಡ್ಕೊಳ್ಳೋಕೆ ಹಿಡಿ ಇರೋದು ತಗೊಂಬಾ" ಅಂದ್ರು.