ಕುಲಾಂತರಿಗೆ ಧಿಕ್ಕಾರ ಕೂಗುವ ಮೊದಲು ಬೀಜ ಯಾರದ್ದು ಅಂತ ಕೇಳಿ

ಮಂಡ್ಯ ಕಡೆ ರೈತರ ಸಭೆಯಲ್ಲಿ ಕುಲಾಂತರಿ, ಅಂದರೆ ಬೇರೆ ಜೀವಿಯ ಜೀನ್ (ವಂಶವಾಹಿ) ಸೇರಿಸಿದ ಬೆಳೆ, ಅಂದ ಕೂಡಲೇ ಧಿಕ್ಕಾರ ಏಳುತ್ತದೆ. ಆ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ. 1998ರಲ್ಲಿ ಪ್ರೊ. ನಂಜುಂಡಸ್ವಾಮಿ ಅವರ ಮುಂದಾಳತ್ವದಲ್ಲಿ ರೈತ ಸಂಘದವರು ರಾಯಚೂರು ಕಡೆ ಬಿಟಿ ಹತ್ತಿಯ (ಹುಳ ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ) ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು. ಯಾವ ಬೀಜ ಅಂತ ಜಮೀನಿನವರಿಗೇ ಸರಿಯಾಗಿ ಹೇಳದೆ ಬಿತ್ತಿಸಿದ್ದಾರೆ ಅನ್ನುವುದು ಅವತ್ತಿನ ದೂರು. ಹಾಗೆ ಕೇಳುವ ಹಕ್ಕು ರೈತನಿಗೆ ಇದ್ದೇ ಇದೆ ಅಂತ ನಾನು ಇವತ್ತಿಗೂ ನಂಬುತ್ತೇನೆ.

ಆದರೆ ಅದೇ ಸಿಟ್ಟನ್ನು ಇಡೀ ವಿಜ್ಞಾನದ ಮೇಲೆ ತೀರಿಸಿಕೊಂಡರೆ ನಷ್ಟ ನಮಗೇ. ಸಭೆ ಮುಗಿಸಿ ಮನೆಗೆ ಹೋಗಿ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುವ ಹಿರಿಯರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ? ಒಂದು ಕಾಲಕ್ಕೆ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ತಯಾರಿಸಿದ ಔಷಧಕ್ಕೆ 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಿಂದ ತಯಾರಿಸಿದ್ದನ್ನು ಮಾರುಕಟ್ಟೆಗೆ ತಂದಿತು. ಮಕ್ಕಳಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆ ಬಂದಿದ್ದೂ ಇದೇ ದಾರಿಯಲ್ಲಿ.

2023ರ ಕೊನೆಯಲ್ಲಿ ಸಿಕಲ್ ಸೆಲ್ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆಗೆ ಜೀನ್ ತಿದ್ದುವ ಚಿಕಿತ್ಸೆಯನ್ನು ಬ್ರಿಟನ್, ಅಮೆರಿಕ ಎರಡೂ ಒಪ್ಪಿದವು. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಆ ಕಾಯಿಲೆಯ ನೋವು ತಿನ್ನುವ ಮಕ್ಕಳಿದ್ದಾರೆ. ಅಮೆರಿಕದಲ್ಲಿ ಆ ಚಿಕಿತ್ಸೆಯ ಬೆಲೆ ಒಬ್ಬರಿಗೆ 22 ಲಕ್ಷ ಡಾಲರ್. ಆ ಮಕ್ಕಳ ಅಪ್ಪ ಅಮ್ಮನಿಗೆ ಇದರಿಂದ ಏನು ಬಂತು? ವಿಜ್ಞಾನ ಬಾಗಿಲವರೆಗೂ ಬಂದಿದೆ, ಬೆಲೆ ಒಳಗೆ ಬಿಡುತ್ತಿಲ್ಲ.

ಹೊಲದಲ್ಲೂ ಕೇಳಬೇಕಾದ್ದು ಇದೇ. ಪ್ರಕೃತಿ ಕೊಟ್ಟ ತಳಿಗೆ ಕೈ ಹಾಕಬಾರದು ಅನ್ನುವವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್ ನೆನಪಿಸಿಕೊಳ್ಳಲಿ. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಅಲ್ಲಿ ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಎಷ್ಟು ಸಣ್ಣದು ಅಂದರೆ ಅದನ್ನು ಕ್ರಾಸ್ ಮಾಡುವುದೇ ಒಂದು ತಪಸ್ಸು. ಅದು ಕುಲಾಂತರಿ ಅಲ್ಲ, ಎರಡೂ ಒಂದೇ ಅಂತ ನಾನೂ ಹೇಳುತ್ತಿಲ್ಲ. ಆದರೆ ಆ ಬೀಜ ರೈತನ ಕಣಜಕ್ಕೆ ಬಂದ ಮೇಲೆ ರೈತನದ್ದೇ ಆಯಿತು, ಮುಂದಿನ ವರ್ಷಕ್ಕೆ ಎತ್ತಿಡಬಹುದಿತ್ತು, ಪಕ್ಕದ ಮನೆಗೂ ಕೊಡಬಹುದಿತ್ತು.

2002ರಲ್ಲಿ ಒಪ್ಪಿಗೆ ಪಡೆದು ಬಂದ ಬಿಟಿ ಹತ್ತಿಯಲ್ಲಿ ಅದು ತಪ್ಪಿಹೋಯಿತು. ಕಾಯಿಕೊರಕದ ಕಾಟ ಮೊದಮೊದಲು ನಿಜಕ್ಕೂ ಕಡಿಮೆಯಾಯಿತು, ಅದನ್ನು ಅಲ್ಲಗಳೆಯಬಾರದು. ಆದರೆ ಬಂದದ್ದು ಹೈಬ್ರಿಡ್, ಎತ್ತಿಟ್ಟ ಬೀಜ ಮುಂದಿನ ವರ್ಷ ಅದೇ ಬೆಳೆ ಕೊಡುವುದಿಲ್ಲ, ಪ್ರತಿ ವರ್ಷ ಪ್ಯಾಕೆಟ್ ಕೊಳ್ಳಲೇಬೇಕು. ಹುಳಕ್ಕೆ ಬಿಟಿಯನ್ನು ತಡೆದುಕೊಳ್ಳುವ ಶಕ್ತಿ ಬೆಳೆಯಬಾರದು ಅಂತ 450 ಗ್ರಾಂ ಬೀಜದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಇಟ್ಟು, ಹೊಲದ ಸುತ್ತ ಬಿತ್ತಿ ಅಂದರು. ಯಾಕೆ ಅಂತ ಬಿಡಿಸಿ ಹೇಳಿದವರು ಕಡಿಮೆ, ಹಾಗಾಗಿ ಬಿತ್ತಿದವರೂ ಕಡಿಮೆ. ಗುಲಾಬಿ ಕಾಯಿಕೊರಕ ಬಿಟಿಯನ್ನೂ ಜೀರ್ಣಿಸಿಕೊಂಡು ಮತ್ತೆ ಬಂತು.

ಕಾನೂನು ಇಲ್ಲಿ ನಮ್ಮ ಪರ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ ಅಷ್ಟೇ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತ ಬೀಜ ಉಳಿಸಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ.

ಈಗ ನಮ್ಮ ನಾಲೆ ಬಯಲಿನ ವಿಷಯಕ್ಕೆ ಬರೋಣ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅದರಲ್ಲಿ ಒಂದು ಕಮಲಾ. ಹೈದರಾಬಾದಿನ ಸರ್ಕಾರಿ ಭತ್ತ ಸಂಶೋಧನಾ ಸಂಸ್ಥೆಯವರು ಸಾಂಬಾ ಮಸೂರಿಯದ್ದೇ ಒಂದು ಜೀನನ್ನು ತಿದ್ದಿ ಮಾಡಿದ್ದು, ಬೇರೆ ಜೀವಿಯ ಜೀನ್ ಅದರಲ್ಲಿ ಇಲ್ಲ. ಹೈಬ್ರಿಡ್ ಕೂಡ ಅಲ್ಲ. ಇಳುವರಿ ಶೇ. 19 ಜಾಸ್ತಿ, ಕೊಯ್ಲು 15ರಿಂದ 20 ದಿನ ಮುಂಚೆ ಅನ್ನುವುದು ಅವರ ಹೇಳಿಕೆ. ಕೆಆರ್‌ಎಸ್ ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ರೈತನಿಗೆ 20 ದಿನ ಅಂದರೆ ಏನು ಅಂತ ಅಲ್ಲಿ ಗದ್ದೆ ಮಾಡಿದವರಿಗೇ ಗೊತ್ತು. ಹೊಡೆ (ತೆನೆ) ಬರುವ ಹೊತ್ತಿಗೆ ನೀರು ನಿಂತರೆ ಜೊಳ್ಳೇ ಗತಿ. 2023ರಲ್ಲಿ ಮಳೆ ಕೈಕೊಟ್ಟು ಕಾವೇರಿಗಾಗಿ ಬಂದ್ ಮಾಡಿದೆವಲ್ಲ, ಅಂಥ ವರ್ಷ ಒಂದು ಕಟ್ಟು ನೀರು (ನಾಲೆಗೆ ಸರದಿಯ ಮೇಲೆ ಬಿಡುವ ನೀರು) ಉಳಿದರೂ ಎಷ್ಟೋ ಮನೆ ಉಳಿಯುತ್ತವೆ.

ಹಾಗಂತ ಕಣ್ಣು ಮುಚ್ಚಿ ಬಿತ್ತುವುದೂ ಬೇಡ. ಬಿಟಿ ಬದನೆ ಬಂದಾಗ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಜನರ ಅಹವಾಲು ಕೇಳಿದ ಮೇಲೆ, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದವರು ಅದಕ್ಕೆ ತಡೆ ಹಾಕಿದರು. ಬೇರೆ ಜೀವಿಯ ಜೀನ್ ಇಲ್ಲದ ಇಂಥ ತಳಿಗಳನ್ನು ಮಾತ್ರ 2022ರಲ್ಲೇ ಕುಲಾಂತರಿ ನಿಯಮಗಳಿಂದ ಹೊರಗಿಟ್ಟಿದ್ದಾರೆ. ಇದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಜೀನ್ ತಿದ್ದಲು ಬಳಸುವ ಕ್ರಿಸ್ಪರ್ ಅನ್ನುವ ಸಾಧನದ ಮುಖ್ಯ ಪೇಟೆಂಟ್‌ಗಳು ವಿದೇಶದವರ ಕೈಯಲ್ಲಿವೆ, ಅದನ್ನೂ ಮರೆಯಬಾರದು.

ಸಂಘದ ಗೆಳೆಯರೇ, ಮುಂದಿನ ಸಲ ಕೃಷಿ ಇಲಾಖೆಯವರು ಸಿಕ್ಕಾಗ ಧಿಕ್ಕಾರದ ಜೊತೆ ಒಂದು ಮನವಿಯನ್ನೂ ಕೊಡೋಣ. ಕಮಲಾ ತಳಿಯನ್ನು ವಿ.ಸಿ. ಫಾರ್ಮ್‌ನಲ್ಲಿ ನಮ್ಮ ಜ್ಯೋತಿ ಭತ್ತದ ಪಕ್ಕದಲ್ಲೇ, ಕಟ್ಟು ನೀರಿನಲ್ಲೇ ನಮ್ಮ ಕಣ್ಣೆದುರು ಬೆಳೆದು ತೋರಿಸಲಿ, ಪರೀಕ್ಷೆಯ ಪೂರ್ತಿ ಲೆಕ್ಕ ಕನ್ನಡದಲ್ಲಿ ಕೊಡಲಿ, ಬೀಜ ಎತ್ತಿಟ್ಟುಕೊಂಡ ರೈತನಿಂದ ಇವತ್ತಾಗಲಿ ನಾಳೆಯಾಗಲಿ ಯಾರೂ ಕಾಸು ಕೇಳುವುದಿಲ್ಲ ಅಂತ ಬರೆದುಕೊಡಲಿ. ಕರಡು ನಾನು ಬರೆಯುತ್ತೇನೆ. ಸಹಿ ಹಾಕುವವರು, ಸೇರಿಸಬೇಕಾದ್ದು ಏನಾದರೂ ಇರುವವರು ಇನ್‌ಬಾಕ್ಸ್‌ಗೆ ಬನ್ನಿ.